ಗುಡ್ಡದಾಗಿನ ತುಕ್ಕು, ಕೊಟ್ಟಿಗೆಯಾಗಿನ ಕಬ್ಬಿಣ



ಹೋದ ಸಲ ಶೇಂಗಾ ಎಲೆ ಹಳದಿ ಆಗೋದರ ಬಗ್ಗೆ ಬರೆದಿದ್ದೆ. ಅದನ್ನು ಓದಿ ಕೂಡ್ಲಿಗಿ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ್ದ. "ಕಾಕಾ, ನೀವು ಇರೋದೇ ಸಂಡೂರು ಗುಡ್ಡದ ಮಗ್ಗಲಾಗ. ಲಾರಿ ಓಡಾಡಿದಾಗೆಲ್ಲ ನಿಮ್ಮ ಹೊಲದ ಮ್ಯಾಲೆ ಕಬ್ಬಿಣದ ಧೂಳು ಬೀಳ್ತೈತಿ. ನಿಮಗ್ಯಾಕ ಬೇಕು ಅನ್ನಭೇದಿ? ಪುಕ್ಕಟೆ ಕಬ್ಬಿಣ ಸಿಗ್ತೈತಲ್ಲ?" ಅಂದ. ನಗು ಬಂತು. ಆದರೆ ಪ್ರಶ್ನೆ ಚಲೋ ಐತಿ. ಗುಡ್ಡದ ಪಕ್ಕದಲ್ಲೇ ಹುಟ್ಟಿ ಬೆಳೆದವರಲ್ಲೂ ಬಹಳ ಮಂದಿಗೆ ಇದರ ಉತ್ತರ ಗೊತ್ತಿಲ್ಲ. ಹಂಗಾಗಿ ಈ ಸಲ ಬೆಳೆ ಬಿಟ್ಟು ಕಬ್ಬಿಣದ ವಿಷಯ ಬರೀತಾ ಇದ್ದೀನಿ. ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತು ಮಾಡಿಕೊಂಡು ಓದ್ರಿ.

ಮೊದಲು ಒಂದು ಮಾತು. ನಮ್ಮ ಗುಡ್ಡದಲ್ಲಿ ಕಬ್ಬಿಣ ಇದೆ ಅಂತ ಎಲ್ಲರೂ ಅಂತಾರೆ. ಸರಿಯಾಗಿ ಹೇಳಬೇಕಂದ್ರೆ ನಮ್ಮ ಗುಡ್ಡದಲ್ಲಿ ಇರೋದು ತುಕ್ಕು. ಮಳೆಯಲ್ಲಿ ಬಿಟ್ಟ ಕುಡುಗೋಲಿಗೆ ಕೆಂಪಗೆ ಹತ್ತತದಲ್ಲ, ಹತ್ತಿರ ಹತ್ತಿರ ಅದೇ ಪದಾರ್ಥ, ಗಟ್ಟಿ ಕಲ್ಲಾಗಿ ಕೂತಿದೆ. ಇದಕ್ಕೆ ಹೆಮಟೈಟ್ ಅಂತಾರೆ. ಕಬ್ಬಿಣಕ್ಕೆ ಆಮ್ಲಜನಕ ಕೂಡಿದರೆ ಆಗೋ ಪದಾರ್ಥ ಇದು. ಪೂರ್ತಿ ಶುದ್ಧವಾದ ಹೆಮಟೈಟ್ 100 ಕಿಲೋ ತಗೊಂಡ್ರೆ ಅದರಲ್ಲಿ ಕಬ್ಬಿಣ 70 ಕಿಲೋ, ಇನ್ನು 30 ಕಿಲೋ ಆಮ್ಲಜನಕ. ನಾವು ಉಸಿರಾಡೋ ಗಾಳಿಯಲ್ಲಿರೋ ಅದೇ ಆಮ್ಲಜನಕ! ಕಲ್ಲಿನ ಲಾರಿ ಹೋದಾಗ ನೆನಪಿಡ್ರಿ, ಆ ಲೋಡಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ತೂಕ ಆಮ್ಲಜನಕದ್ದು.

ಇದು ಹೆಂಗಾಯ್ತು? ಭೂವಿಜ್ಞಾನಿಗಳು ಹೇಳೋ ಪ್ರಕಾರ ಸಂಡೂರಿನ ಈ ಶಿಲೆಗಳಿಗೆ ಸುಮಾರು 270 ಕೋಟಿ ವರ್ಷ ವಯಸ್ಸು. ಆವಾಗ ಇಲ್ಲಿ ಸಮುದ್ರ. ಆ ಕಾಲದ ಗಾಳಿಯಲ್ಲಿ ಆಮ್ಲಜನಕ ಇಲ್ಲ ಅನ್ನೋವಷ್ಟು ಕಡಿಮೆ. ಹಂಗಾಗಿ ಸಮುದ್ರದ ನೀರಿನಲ್ಲಿ ಕಬ್ಬಿಣ ಉಪ್ಪಿನ ಹಂಗೆ ಕರಗಿಕೊಂಡೇ ಇತ್ತು. ಬಿಸಿಲಿನಿಂದ ಬದುಕೋ ಸಣ್ಣ ಸಣ್ಣ ಜೀವಿಗಳು, ನಮ್ಮ ತೊಟ್ಟಿಯ ಪಾಚಿಯ ಮುತ್ತಜ್ಜಂದಿರು ಅನ್ನಬಹುದು, ಆಮ್ಲಜನಕ ಬಿಡೋಕೆ ಶುರು ಮಾಡಿದವು. ಆಮ್ಲಜನಕ ಹತ್ತಿದ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂತಿತು. ಪದರದ ಮೇಲೆ ಪದರ. ಆಮೇಲೆ ಭೂಮಿ ಮಡಿಚಿ ಎದ್ದು ಗುಡ್ಡ ಆಯ್ತು. ದೋಣಿಮಲೈ, ಕುಮಾರಸ್ವಾಮಿ, ರಾಮನದುರ್ಗ ಅಂತ ನಾವು ಕರೆಯೋ ಸಾಲೆಲ್ಲ ಇದೇ ಕಥೆ. ಕಡಿದ ಗುಡ್ಡದ ಮಗ್ಗುಲನ್ನು ನೋಡಿದರೆ ಪಟ್ಟಿ ಪಟ್ಟಿ ಕಾಣ್ತದೆ, ಕೆಂಪು ಒಂದು, ಬೂದು ಒಂದು. ಅದು ಸಮುದ್ರದ ತಳದಲ್ಲಿ ಒಂದೊಂದಾಗಿ ಕೂತ ಪದರ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಕಬ್ಬಿಣ ಒಂದು ಸಲ ಹಿಂಗೆ ಪೂರ್ತಿ ತುಕ್ಕಾಯ್ತು ಅಂದ್ರೆ ನೀರಿನಲ್ಲಿ ಕರಗೋದಿಲ್ಲ. ಬೇರು ಕುಡಿಯೋದು ನೀರಿನಲ್ಲಿ ಕರಗಿದ್ದನ್ನು ಮಾತ್ರ. ಕೆಂಪು ಧೂಳು ಎಷ್ಟು ಬಿದ್ದರೂ ಗಿಡಕ್ಕೆ ಅದು ಕಲ್ಲಿನ ಪುಡಿ ಅಷ್ಟೇ. ಲಾಭ ಇಲ್ಲ, ಮೇಲೆ ನಷ್ಟ. ಎಲೆ ಮೇಲೆ ಕೂತು ಬಿಸಿಲು ತಡೀತದೆ, ಎಲೆ ಉಸಿರಾಡೋ ಸಣ್ಣ ತೂತು ಮುಚ್ಚತದೆ. ಲಾರಿ ರಸ್ತೆ ಬದಿಯ ಹೊಲದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಮೆಕ್ಕೆಜೋಳದ ರವದಿ ಮೇಲೆ ಬೆರಳಾಡಿಸಿದರೆ ಬೆರಳು ಕೆಂಪು, ಆ ಮೇವು ದನ ಮುಟ್ಟೋದಿಲ್ಲ.

ಎರೆ ಹೊಲದಲ್ಲಿ, ಸುಣ್ಣದ ಅಂಶ ಜಾಸ್ತಿ ಇರೋ ಹೊಲದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟು ಇದ್ದರೂ ಸುಣ್ಣ ಅದನ್ನು ಕರಗೋಕೆ ಬಿಡೋದಿಲ್ಲ. ಅದಕ್ಕೇ ಶೇಂಗಾ ಹಳದಿ ಆಗೋದು. ಗುರುತು ಹಿಡಿಯೋದು ಸುಲಭ. ಕಬ್ಬಿಣ ಕಡಿಮೆ ಆದ್ರೆ ತುದಿಯ ಎಳೆ ಎಲೆ ಮೊದಲು ಹಳದಿ ಆಗ್ತದೆ, ನರ ಮಾತ್ರ ಹಸಿರು ಉಳೀತದೆ. ಸಾರಜನಕ ಕಡಿಮೆ ಆದ್ರೆ ಕೆಳಗಿನ ಹಳೇ ಎಲೆ ಮೊದಲು ಹಳದಿ. ಇದು ತಿಳೀದೆ ಯೂರಿಯಾ ಸುರಿಯೋರು ಬಹಳ.

ಅನ್ನಭೇದಿ ಅಂದ್ರೆ ಫೆರಸ್ ಸಲ್ಫೇಟ್. ಇನ್ನೂ ಪೂರ್ತಿ ತುಕ್ಕಾಗದ, ನೀರಿನಲ್ಲಿ ಕರಗೋ ಕಬ್ಬಿಣ. ಲೀಟರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು ಹಾಕಿ ತಂಪು ಹೊತ್ತಿನಲ್ಲಿ ಎಲೆಗೆ ಹೊಡೀಬೇಕು. ನಿಂಬೆ ಉಪ್ಪು ಯಾಕೆ ಅಂದ್ರೆ ಅದು ಕಬ್ಬಿಣ ಡ್ರಮ್ಮಿನಲ್ಲೇ ತುಕ್ಕಾಗೋದನ್ನು ತಡೀತದೆ. ಇನ್ನೊಂದು, ಕೊಳ್ಳುವಾಗ ಬಣ್ಣ ನೋಡ್ರಿ. ಒಳ್ಳೇ ಅನ್ನಭೇದಿ ತಿಳಿ ಹಸಿರು. ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಪ್ಯಾಕೆಟ್ಟಿನಲ್ಲೇ ತುಕ್ಕು ಹಿಡಿದಿದೆ ಅಂತ ಅರ್ಥ. ಅದನ್ನು ಹೊಡೆಯೋದೂ ಒಂದೇ, ನಮ್ಮ ರಸ್ತೆ ಧೂಳು ಹೊಡೆಯೋದೂ ಒಂದೇ.

ನಮ್ಮ ಮೈಯಲ್ಲೂ ಕಬ್ಬಿಣ ಇದೆ. ದೊಡ್ಡ ಮನುಷ್ಯನ ಮೈಯಲ್ಲಿ 3ರಿಂದ 4 ಗ್ರಾಂ, ಒಂದು ಸಣ್ಣ ಮೊಳೆಯಷ್ಟು. ಅದರಲ್ಲಿ ಹೆಚ್ಚಿನ ಪಾಲು ರಕ್ತದಲ್ಲಿ ಆಮ್ಲಜನಕ ಹೊರೋ ಕೆಲಸ ಮಾಡ್ತದೆ. ರಕ್ತದ ಕಬ್ಬಿಣ ಆಮ್ಲಜನಕವನ್ನು ಹಿಡಿದು, ಬೇಕಾದ ಜಾಗದಲ್ಲಿ ಬಿಟ್ಟುಬಿಡ್ತದೆ. ಗುಡ್ಡದ ಕಬ್ಬಿಣ ಬಿಡೋದಿಲ್ಲ. ಬಿಡಿಸಬೇಕಂದ್ರೆ ಬೆಂಕಿ ಬೇಕು, ಅದೂ ಅಂತಿಂಥ ಬೆಂಕಿ ಅಲ್ಲ. ಕಬ್ಬಿಣದ ಬೆಲೆ ಅಂದ್ರೆ ಬಹಳಷ್ಟು ಈ ಬಿಡಿಸೋ ಬೆಂಕಿಯ ಬೆಲೆ. ನಾನು ಇವತ್ತು ಹೇಳಬೇಕಂತಿರೋ ಮಾತು ಇದೇ.

ಹಿಂದಿನವರು ಇದನ್ನು ಇದ್ದಿಲಿನಲ್ಲಿ ಮಾಡ್ತಿದ್ದರು. ಮಣ್ಣಿನ ಗೂಡು ಕಟ್ಟಿ, ಅದಿರು ಒಂದು ಪದರ, ಇದ್ದಿಲು ಒಂದು ಪದರ ಹಾಕಿ, ಚರ್ಮದ ತಿದಿ ಒತ್ತಿ ಗಾಳಿ ಊದೋರು. ಕಬ್ಬಿಣ ನೀರಾಗಬೇಕಂದ್ರೆ 1538 ಡಿಗ್ರಿ ಶಾಖ ಬೇಕು. ಆ ಗೂಡಿನಲ್ಲಿ ಅಷ್ಟು ಬರ್ತಿರಲಿಲ್ಲ. ಹಂಗಾಗಿ ಕಬ್ಬಿಣ ಕರಗಿ ಹರೀತಿರಲಿಲ್ಲ, ತೂತು ತೂತಾದ ಮೆತ್ತನೆ ಗಡ್ಡೆ ಆಗಿ ಬರ್ತಿತ್ತು. ಅದನ್ನು ಕೆಂಪಗಿದ್ದಾಗಲೇ ಬಡಿದು ಬಡಿದು ಕಿಟ್ಟ ಹೊರಗೆ ಹಾಕೋರು. ಹಂಪಿ ಪಕ್ಕದ ಕಮಲಾಪುರದಲ್ಲಿ ಬೆಲ್ಲದ ಗಾಣಕ್ಕೆ ಬೇಕಾದ ದೊಡ್ಡ ದೊಡ್ಡ ಕಬ್ಬಿಣದ ಕೊಪ್ಪರಿಗೆ ಮಾಡೋ ಕಸುಬು ಇತ್ತು, ಅದಿರು ಹೊಸಪೇಟೆಯ ಜಂಬುನಾಥ ಗುಡ್ಡದ್ದು ಅಂತ ಬ್ರಿಟಿಷರ ಕಾಲದ ಬಳ್ಳಾರಿ ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಆಮೇಲೆ ಹೊರಗಿನಿಂದ ಅಗ್ಗದ ಕಬ್ಬಿಣ ಬಂತು, ಇಲ್ಲಿಯ ಗೂಡುಗಳು ಆರಿದವು.

ಇಲ್ಲಿ ಒಂದು ಸೂಕ್ಷ್ಮ ಇದೆ. ಇದ್ದಿಲು ಎರಡು ಕೆಲಸ ಮಾಡ್ತದೆ. ಒಂದು, ಶಾಖ ಕೊಡೋದು. ಎರಡು, ಕಬ್ಬಿಣದ ಕೈಯಲ್ಲಿರೋ ಆಮ್ಲಜನಕವನ್ನು ಕಿತ್ತುಕೊಳ್ಳೋದು. ಇಂಗಾಲಕ್ಕೆ ಆಮ್ಲಜನಕದ ಮೇಲೆ ಆಸೆ ಜಾಸ್ತಿ. ಕೆಂಪಗೆ ಕಾದಾಗ ಅದು ಕಬ್ಬಿಣದಿಂದ ಆಮ್ಲಜನಕ ಎಳಕೊಂಡು ಹೊಗೆಯಾಗಿ ಹೋಗ್ತದೆ, ಕಬ್ಬಿಣ ಒಂಟಿಯಾಗಿ ಉಳೀತದೆ. ಬರೀ ಶಾಖ ಕೊಟ್ಟರೆ ಸಾಲದು. ತುಕ್ಕನ್ನು ಗ್ಯಾಸ್ ಒಲೆ ಮೇಲೆ ಎಷ್ಟು ಕಾಸಿದರೂ ತುಕ್ಕೇ.

ತೋರಣಗಲ್ಲಿನಲ್ಲಿ ಇವತ್ತು ನಡೆಯೋದೂ ಇದೇ ಕೆಲಸ, ಅಳತೆ ಮಾತ್ರ ಬೇರೆ. ವಿಜಯನಗರ ಉಕ್ಕಿನ ಕಾರ್ಖಾನೆಗೆ 1971ರಲ್ಲಿ ಇಂದಿರಾ ಗಾಂಧಿಯವರು ಅಡಿಗಲ್ಲು ಹಾಕಿದರು. ಕಾರ್ಖಾನೆ ಎದ್ದದ್ದು ಮಾತ್ರ 1990ರ ದಶಕದಲ್ಲಿ, ಜಿಂದಾಲ್‌ನವರು ಬಂದ ಮೇಲೆ. ಇದ್ದಿಲಿನ ಜಾಗದಲ್ಲಿ ಈಗ ಕಲ್ಲಿದ್ದಲು. ಅದಿರು ನಮ್ಮ ಗುಡ್ಡದ್ದು, ಆದರೆ ಕುಲುಮೆಗೆ ಹಾಕೋ ಬಿಗಿ ಕಲ್ಲಿದ್ದಲು ನಮ್ಮ ದೇಶದಲ್ಲಿ ಕಡಿಮೆ, ಇರೋದರಲ್ಲಿ ಬೂದಿ ಜಾಸ್ತಿ. ಅದಕ್ಕೆ ಆಸ್ಟ್ರೇಲಿಯಾದಂಥ ದೂರದ ದೇಶದಿಂದ ಹಡಗಿನಲ್ಲಿ ತರಿಸಿ, ರೈಲಿನಲ್ಲಿ ಘಟ್ಟ ಹತ್ತಿಸಿ ಇಲ್ಲಿಗೆ ತರ್ತಾರೆ. ಆ ಕಲ್ಲಿದ್ದಲು ಅಂದ್ರೆ ಕೋಟ್ಯಂತರ ವರ್ಷದ ಹಿಂದೆ ಕೆಸರಿನಲ್ಲಿ ಹೂತುಹೋದ ಗಿಡ ಮರ. ಅಂದ್ರೆ ಹಳೇ ಪಾಚಿ ಕಟ್ಟಿದ್ದ ಗಂಟನ್ನು ಹಳೇ ಮರದಿಂದ ಬಿಚ್ಚಿಸ್ತಾ ಇದ್ದಾರೆ.

ಲೆಕ್ಕ ಕೇಳ್ರಿ. ಊದುಕುಲುಮೆ ದಾರಿಯಲ್ಲಿ 1 ಟನ್ ಉಕ್ಕು ಮಾಡೋಕೆ ಸುಮಾರು 1.4 ಟನ್ ಅದಿರು, 0.8 ಟನ್ ಹತ್ತಿರ ಕಲ್ಲಿದ್ದಲು, 270 ಕಿಲೋದಷ್ಟು ಸುಣ್ಣದ ಕಲ್ಲು ಬೇಕು. ಗಾಳಿಗೆ ಹೋಗೋ ಇಂಗಾಲಾಮ್ಲ ಸುಮಾರು 2 ಟನ್, ಉಕ್ಕಿನ ತೂಕದ ಎರಡು ಪಟ್ಟು. ನಮ್ಮ ರೈತರ ಭಾಷೆಯಲ್ಲಿ ಹೇಳಬೇಕಂದ್ರೆ, 1 ಕಿಲೋ ಉಕ್ಕಿಗೆ ಹಿಡಿಯೋ ಶಕ್ತಿ ಸುಮಾರು ಐದೂವರೆ, ಆರು ಯೂನಿಟ್. 5 ಎಚ್‌ಪಿ ಮೋಟರ್ ಒಂದೂವರೆ ತಾಸು ಓಡೋವಷ್ಟು. ನನ್ನ ಕೊಟ್ಟಿಗೆಯಲ್ಲಿರೋ ನೇಗಿಲು, ಕುಂಟೆ, ಕೂರಿಗೆ, ಸಲಿಕೆ, ಹಾರೆ, ಸರಪಳಿ ಎಲ್ಲಾ ಸೇರಿ ಮೂರು ಕ್ವಿಂಟಲ್ ಆದೀತು. ಅಂದ್ರೆ ಅದರ ಹಿಂದೆ 4 ಕ್ವಿಂಟಲ್ ಚಿಲ್ಲರೆ ಗುಡ್ಡ, ಎರಡೂಕಾಲು ಕ್ವಿಂಟಲ್ ದಾಟಿ ಕಲ್ಲಿದ್ದಲು, ನನ್ನ ಬೋರಿನ ಮೋಟರನ್ನು 450 ತಾಸು ಓಡಿಸೋವಷ್ಟು ಬೆಂಕಿ ನಿಂತಿದೆ. ಈ ಲೆಕ್ಕ ಹಾಕಿದ ಮೇಲೆ ಹಾರೆಯನ್ನು ಬದುವಿನ ಮೇಲೆ ಬಿಟ್ಟು ಬರೋಕೆ ಮನಸ್ಸು ಬರೋದಿಲ್ಲ.

ಸಿಲವರ ಪಾತ್ರೆ ಅಂತೀವಲ್ಲ, ಅದು ಬೆಳ್ಳಿ ಅಲ್ಲ, ಅಲ್ಯೂಮಿನಿಯಂ. ನೆಲದಲ್ಲಿ ಕಬ್ಬಿಣಕ್ಕಿಂತ ಅಲ್ಯೂಮಿನಿಯಂ ಜಾಸ್ತಿ ಇದೆ. ಹಂಗಿದ್ದರೂ ಅದರ ಬೆಲೆ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು. ಯಾಕಂದ್ರೆ ಅದು ಆಮ್ಲಜನಕವನ್ನು ಇನ್ನೂ ಬಿಗಿಯಾಗಿ ಹಿಡಿದಿದೆ, ಕಲ್ಲಿದ್ದಲಿಗೆ ಬಗ್ಗೋದಿಲ್ಲ. ಕರೆಂಟ್ ಹರಿಸಿಯೇ ಬಿಡಿಸಬೇಕು. ಕಿಲೋಗೆ 13ರಿಂದ 15 ಯೂನಿಟ್ ಬರೀ ಕರೆಂಟೇ ಹೋಗ್ತದೆ. ಪದಾರ್ಥ ಎಷ್ಟಿದೆ ಅನ್ನೋದು ಬೆಲೆ ಹೇಳೋದಿಲ್ಲ, ಬಿಡಿಸೋಕೆ ಏನು ಖರ್ಚು ಅನ್ನೋದೇ ಹೇಳ್ತದೆ.

ನಮ್ಮ ಸಂಡೂರಿನ ಇನ್ನೊಂದು ಕಲ್ಲಿನ ಹೆಸರು ಹೇಳದಿದ್ದರೆ ತಪ್ಪಾದೀತು. ಮ್ಯಾಂಗನೀಸ್. ದೇವಗಿರಿ ಕಡೆ ಸಿಗೋ ಕರಿ ಕಲ್ಲು, ಹಿಡಿದರೆ ಕೈ ಮಸಿ ಆಗ್ತದೆ. ಸಂಡೂರಿನ ಘೋರ್ಪಡೆ ಮನೆತನದವರು 1954ರಲ್ಲಿ ಕಟ್ಟಿದ ಕಂಪನಿಯ ಹೆಸರಿನಲ್ಲೇ ಕಬ್ಬಿಣಕ್ಕಿಂತ ಮೊದಲು ಮ್ಯಾಂಗನೀಸ್ ಇದೆ. ತೆಗೆದ ಮ್ಯಾಂಗನೀಸಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೋಗೋದು ಉಕ್ಕಿಗೇ. ಕಲ್ಲಿದ್ದಲಿನಿಂದ ಬರೋ ಗಂಧಕ ಉಕ್ಕಿನಲ್ಲಿ ಉಳಿದರೆ, ಕಾಸಿ ಬಡಿಯುವಾಗ ಬಿರುಕು ಬಿಡ್ತದೆ. ಮ್ಯಾಂಗನೀಸ್ ಆ ಗಂಧಕವನ್ನು ತಾನು ಹಿಡಕೊಂಡು ಉಕ್ಕನ್ನು ಉಳಿಸ್ತದೆ. 1882ರಲ್ಲಿ ಇಂಗ್ಲೆಂಡಿನ ಹ್ಯಾಡ್‌ಫೀಲ್ಡ್ ಅನ್ನೋರು ನೂರಕ್ಕೆ 12–13 ಪಾಲು ಮ್ಯಾಂಗನೀಸ್ ಹಾಕಿ ಹೊಸ ಉಕ್ಕು ಮಾಡಿದರು. ಅದು ಏಟು ಬಿದ್ದಷ್ಟೂ ಗಟ್ಟಿ ಆಗ್ತಾ ಹೋಗ್ತದೆ. ಜಲ್ಲಿ ಕ್ರಷರಿನ ದವಡೆ, ರೈಲು ಹಳಿ ಕೂಡೋ ಜಾಗ, ಎಲ್ಲಾ ಅದರದ್ದೇ. ನಮ್ಮೂರ ಮೇಲೆ ಹಾಯ್ದು ಹೋಗೋ ಹೊಸಪೇಟೆ–ಸ್ವಾಮಿಹಳ್ಳಿ ಲೈನಿನಲ್ಲಿ ಗೂಡ್ಸ್ ಗಾಡಿ ಅದಿರು ಹೊತ್ತು ಹೋಗ್ತದೆ. ಅದರ ಕೆಳಗಿನ ಹಳಿಯಲ್ಲೂ ಮ್ಯಾಂಗನೀಸ್ ಇರ್ತದೆ.

ಹಳೇ ಬ್ಯಾಟರಿ ಸೆಲ್ ಒಡೆದಾಗ ಕರಿ ಪುಡಿ ಬರ್ತಿತ್ತಲ್ಲ, ಹುಡುಗರಿದ್ದಾಗ ಹಲಗೆ ಕಪ್ಪು ಮಾಡೋಕೆ ಬಳಸ್ತಿದ್ದೆವು, ಅದರಲ್ಲೂ ಇದೇ ಮ್ಯಾಂಗನೀಸ್. ಇನ್ನೂ ಆಶ್ಚರ್ಯ ಏನಂದ್ರೆ ಎಲೆಯಲ್ಲೂ ಇದೆ. ಎಲೆ ಬಿಸಿಲಿನಲ್ಲಿ ನೀರನ್ನು ಒಡೆದು ಆಮ್ಲಜನಕ ಬಿಡೋ ಜಾಗದಲ್ಲಿ ನಾಲ್ಕೇ ನಾಲ್ಕು ಮ್ಯಾಂಗನೀಸ್ ಕಣಗಳ ಗುಂಪು ಕೂತಿರ್ತದೆ. ಅದಿಲ್ಲದೆ ನೀರು ಒಡೆಯೋದಿಲ್ಲ. ಹುಲ್ಲಿನಿಂದ ಹುಣಸೆಮರದ ತನಕ ಎಲ್ಲಕ್ಕೂ ಅದೇ. ಲಘು ಪೋಷಕಾಂಶದ ಪ್ಯಾಕೆಟ್ ಮೇಲೆ ಮ್ಯಾಂಗನೀಸ್ ಅಂತ ಬರೆದಿರೋದು ಸುಮ್ಮನೆ ಅಲ್ಲ. ಆದರೆ ಮಣ್ಣು ಪರೀಕ್ಷೆ ಮಾಡಿಸದೆ ಕೊಳ್ಳಬೇಡ್ರಿ, ಎಲ್ಲಾ ಹೊಲಕ್ಕೂ ಬೇಕಾಗೋದಿಲ್ಲ.

ಈಗ ತುಕ್ಕಿಗೆ ವಾಪಸ್ ಬರೋಣ. ಇಷ್ಟೆಲ್ಲ ಬೆಂಕಿ ಸುರಿದು ಬಿಡಿಸಿದ ಕಬ್ಬಿಣಕ್ಕೆ ಒಂದೇ ಚಟ, ಮತ್ತೆ ಆಮ್ಲಜನಕ ಹಿಡಿದು ಗುಡ್ಡದಲ್ಲಿದ್ದಂಗೆ ಆಗಬೇಕು. ನೀರು ಮತ್ತು ಗಾಳಿ ಎರಡೂ ಸಿಕ್ಕರೆ ಸಾಕು. ಉಪ್ಪು ಸೇರಿದರೆ ಇನ್ನೂ ಜೋರು. ನಮ್ಮ ಗೊಬ್ಬರ ಎಲ್ಲಾ ಒಂಥರಾ ಉಪ್ಪೇ. ಹಂಗಾಗಿ ಗೊಬ್ಬರ ಬಿತ್ತೋ ಕೂರಿಗೆ ತಿಂದುಹೋದಷ್ಟು ಬೇಗ ನೇಗಿಲು ತಿಂದುಹೋಗೋದಿಲ್ಲ.

ಇದು ಸಣ್ಣ ವಿಷಯ ಅಂತ ಅನಿಸಿದರೆ 2024ರ ಆಗಸ್ಟ್ 10ರ ರಾತ್ರಿ ನೆನಪು ಮಾಡಿಕೊಳ್ರಿ. ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯ್ತು. ಡ್ಯಾಮ್ ತುಂಬಿತ್ತು. ಭಾರ ಇಳಿಸೋಕೆ 33 ಗೇಟೂ ತೆಗೆದು ನೀರು ಬಿಡಬೇಕಾಯ್ತು. ಕಂಪ್ಲಿ ಕಡೆ ನಮ್ಮ ಬೀಗರ ಗದ್ದೆ ಇದೆ. ಅವರಿಗೆ ಫೋನ್ ಹಚ್ಚಿದರೆ ಮಾತೇ ಬರ್ತಿರಲಿಲ್ಲ. "ಭಾವಾ, ಕಣ್ಣೆದುರಿಗೆ ಎರಡನೇ ಬೆಳಿ ಹರಕೊಂಡು ಹೊಂಟೈತಿ" ಅಂದ್ರು ಅಷ್ಟೇ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರು ಬಂದು, ಹರಿಯೋ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದೊಳಗೆ ನೀರು ನಿಲ್ಲಿಸಿದರು. ಆಮೇಲೆ ಮಳೆ ಕೈಹಿಡೀತು, ಡ್ಯಾಮ್ ಮತ್ತೆ ತುಂಬಿತು. ಆದರೆ ಆ ಒಂದು ವಾರ ನಾಲ್ಕು ಜಿಲ್ಲೆಯ ರೈತರು, ಆಂಧ್ರ ತೆಲಂಗಾಣದವರೂ ಸೇರಿ, ಉಸಿರು ಹಿಡಿದು ಕೂತಿದ್ದರು.

ಯೋಚನೆ ಮಾಡ್ರಿ. ಡ್ಯಾಮಿನ ಕಟ್ಟಡ ಕಲ್ಲಿನದು, ಗಾರೆ ಸುರ್ಕಿಯದು. ಸುರ್ಕಿ ಅಂದ್ರೆ ಸುಟ್ಟ ಮಣ್ಣಿನ ಪುಡಿ, ಅದಕ್ಕೆ ಸುಣ್ಣ ಕೂಡಿಸಿದ್ದು. 1953ರಿಂದ ನೀರು ನಿಲ್ಲಿಸಿಕೊಂಡು ನಿಂತಿದೆ. ಅಲ್ಲೇ ಕೆಳಗೆ ವಿಜಯನಗರದ ಅರಸರ ಕಾಲದ ಕಲ್ಲಿನ ಒಡ್ಡು, ಕಾಲುವೆಗಳು 500 ವರ್ಷದ ಮೇಲೂ ಹಂಪಿ ಸುತ್ತಿನ ಬಾಳೆ, ಗದ್ದೆಗೆ ನೀರು ಕೊಡ್ತಾ ಇವೆ. ಕಲ್ಲು ಅದಾಗಲೇ ಮುಟ್ಟಬೇಕಾದ ಜಾಗ ಮುಟ್ಟಿರೋ ಪದಾರ್ಥ. ಕಬ್ಬಿಣ ಹಂಗಲ್ಲ. ಅದು ಬೆಂಕಿ ಹತ್ತಿರ ಕಡ ತಂದದ್ದು, ದಿನಾ ಸ್ವಲ್ಪ ಸ್ವಲ್ಪ ವಾಪಸ್ ಹೋಗ್ತಿರ್ತದೆ. ಕಬ್ಬಿಣಕ್ಕೆ ಕಾವಲು ಬೇಕು. ಡ್ಯಾಮಿನ ಗೇಟಿಗೂ ಬೇಕು, ಮನೆಯ ಕುಂಟೆಗೂ ಬೇಕು.

ಸ್ಲ್ಯಾಬಿನ ಕಂಬಿ ಇನ್ನೊಂದು ಉದಾಹರಣೆ. ಕಬ್ಬಿಣ ತುಕ್ಕಾದಾಗ ಎರಡು ಪಟ್ಟಿನಿಂದ ಆರು ಪಟ್ಟಿನವರೆಗೂ ಉಬ್ಬತದೆ. ಒಳಗೆ ಉಬ್ಬಿದ ಕಂಬಿ ಕಾಂಕ್ರೀಟನ್ನು ಒಳಗಿಂದಲೇ ಒಡೀತದೆ. ಮಾಳಿಗೆ ತಳದಲ್ಲಿ ಚಕ್ಕೆ ಉದುರಿ ಕಂಬಿ ಕಂಡಿತು ಅಂದ್ರೆ ಮೇಲೆ ಬರೀ ಸಿಮೆಂಟ್ ಮೆತ್ತಬೇಡ್ರಿ. ನೀರು ಎಲ್ಲಿಂದ ಇಳೀತಿದೆ ಅಂತ ಹುಡುಕಿ, ಅದನ್ನು ಮೊದಲು ನಿಲ್ಲಿಸ್ರಿ.

ಹಂಗಂತ ಎಲ್ಲಾ ಕಬ್ಬಿಣವೂ ಬೇಗ ಹೋಗೋದಿಲ್ಲ. ದಿಲ್ಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷದ್ದು. ಇದ್ದಿಲಿನ ಗೂಡಿನಲ್ಲಿ ಮಾಡಿದ ಆ ಕಬ್ಬಿಣದಲ್ಲಿ ರಂಜಕ ಜಾಸ್ತಿ ಉಳಿದಿದೆ, ಅದು ಮೇಲೆ ತೆಳ್ಳಗೆ ಒಂದು ಪೊರೆ ಕಟ್ಟಿ ಕಾಯ್ತದೆ ಅಂತ ತಜ್ಞರು ಹೇಳ್ತಾರೆ. ನಮ್ಮ ಕೊಡಚಾದ್ರಿ ಮೇಲೂ ಮೂಕಾಂಬಿಕೆ ಗುಡಿ ಮುಂದೆ ಒಂದು ಕಬ್ಬಿಣದ ಕಂಬ ಇದೆ. ಮಲೆನಾಡಿನ ಅಂಥಾ ಮಳೆಯಲ್ಲಿ ನಿಂತಿದೆ. ಹಿಂದಿನ ಕಮ್ಮಾರರಿಗೆ ಸುಗ್ಗಿಯಲ್ಲಿ ಆಯ ಕೊಟ್ಟು ಕಳಿಸ್ತಿದ್ದೆವು, ಅವರ ಕೈಯಲ್ಲಿ ಇಷ್ಟು ವಿದ್ಯೆ ಇತ್ತು.

ನಾವು ಮಾಡಬಹುದಾದ್ದು ಇಷ್ಟು:

1. ಕೂರಿಗೆ, ಸ್ಪ್ರೇಯರ್ ಬಳಸಿದ ದಿನವೇ ತೊಳೀರಿ. ಗೊಬ್ಬರ ಉಳಿಸಿ ರಾತ್ರಿ ಬಿಡಬೇಡ್ರಿ. ತೊಳೆದ ಮೇಲೆ ಬಿಸಿಲಿಗಿಟ್ಟು ಒಣಗಿಸ್ರಿ.

2. ಹಂಗಾಮು ಮುಗಿದ ಮೇಲೆ ನೇಗಿಲ ಕುಳ, ಕುಂಟೆ ಕುಡಕ್ಕೆ ಟ್ರ್ಯಾಕ್ಟರಿನ ಸುಟ್ಟ ಎಣ್ಣೆ ಒಂದು ಕೈ ಸವರಿ. ನೆಲದ ಮೇಲೆ ಇಡಬೇಡ್ರಿ, ಕಟ್ಟಿಗೆ ಮೇಲೆ ಇಡ್ರಿ. ಎಣ್ಣೆ ಬಟ್ಟೆಯನ್ನು ಬಾವಿ, ಹಳ್ಳಕ್ಕೆ ಬಿಸಾಡಬೇಡ್ರಿ.

3. ಜಿಐ ತಂತಿ, ಜಿಐ ಪೈಪು ಅಂದ್ರೆ ಕಬ್ಬಿಣದ ಮೇಲೆ ಸತುವಿನ ಲೇಪ. ಸತುವು ತಾನು ಮೊದಲು ಸವೆದು ಕಬ್ಬಿಣ ಉಳಿಸ್ತದೆ. ಸಣ್ಣ ಗೀರು ಬಿದ್ದರೂ ಪಕ್ಕದ ಸತುವು ಕಾಯ್ತದೆ. ವೆಲ್ಡಿಂಗ್ ಮಾಡಿಸಿದ ಜಾಗದಲ್ಲಿ ಸತುವು ಸುಟ್ಟು ಹೋಗಿರ್ತದೆ, ಅಲ್ಲಿ ಬಣ್ಣ ಹೊಡೀಲೇಬೇಕು.

4. ಮುರಿದದ್ದನ್ನು ಮೂಲೆಯಲ್ಲಿ ಕೊಳೆ ಹಾಕಬೇಡ್ರಿ, ಗುಜರಿಗೆ ಕೊಡ್ರಿ. 1 ಟನ್ ಗುಜರಿ ಮತ್ತೆ ಕರಗಿಸಿದರೆ ಸುಮಾರು 1.4 ಟನ್ ಅದಿರು, 740 ಕಿಲೋ ಕಲ್ಲಿದ್ದಲು ಉಳೀತದೆ. ಗುಜರಿಯಲ್ಲಿ ಆಮ್ಲಜನಕ ಬಿಡಿಸೋ ಕೆಲಸ ಆಗಲೇ ಮುಗಿದಿದೆ, ಕರಗಿಸೋದಷ್ಟೇ ಬಾಕಿ.

ಕೊನೆಗೆ ಒಂದು ವಿಷಯ, ಇದು ನಮ್ಮ ಸಂಡೂರು, ಹೊಸಪೇಟೆ ಕಡೆಯವರಿಗೆ ಮುಖ್ಯ.

2008ರ ಬೀಜಿಂಗ್ ಒಲಿಂಪಿಕ್ಸಿಗೆ ಮುಂಚೆ ಚೀನಾಕ್ಕೆ ಅದಿರು ಹೋಗೋ ಕಾಲದಲ್ಲಿ ಇಲ್ಲಿ ಏನು ನಡೀತು ಅಂತ ಎಲ್ಲರೂ ನೋಡಿದ್ದಾರೆ. ಗುಡ್ಡ ಬಿಟ್ಟು ಹೊಲದಲ್ಲೂ ಅದಿರು ಹುಡುಕಿದರು. ಮೇಲೆ ಬಿದ್ದ ಕಲ್ಲು ಆರಿಸಿ ಮಾರಿದರು, ಆಮೇಲೆ ಅಗೆದು ಮಾರಿದರು. ಎತ್ತು ಮಾರಿ ಲಾರಿ ತಂದವರೂ ಇದ್ದರು. 2011ರ ಜುಲೈ 27ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಎರಡೇ ದಿನಕ್ಕೆ, 29ನೇ ತಾರೀಖು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ ತೀರ್ಪಿನ ಮೇಲೆ ಮಿತಿ ಹಾಕಿ ಮತ್ತೆ ಬಿಟ್ಟರು. ನಿಂತಾಗ ಲಾರಿಗೆ ಕಂತು ಕಟ್ಟೋಕೆ ದುಡ್ಡಿಲ್ಲ, ಹೊಲಕ್ಕೆ ವಾಪಸ್ ಹೋದರೆ ಹೊಲ ಇಲ್ಲ, ಬರೀ ಗುಂಡಿ. ಗಣಿಯಿಂದ ಊಟ ಮಾಡಿದವರೂ ನಮ್ಮವರೇ, ಅದನ್ನು ನಾನು ಅಲ್ಲಗಳೆಯೋದಿಲ್ಲ. ನಮ್ಮೂರಲ್ಲಿ ಎಷ್ಟೋ ಮಕ್ಕಳ ಓದು ಅದರ ಸಂಬಳದಲ್ಲೇ ಆಗಿದೆ.

ಈಗ ನನ್ನ ಪಕ್ಕದ ಹೊಲದವನಿಗೆ ಒಬ್ಬರು ಕೇಳ್ತಾ ಇದ್ದಾರೆ. ರಸ್ತೆ ಬದಿಯ ಎರಡು ಎಕರೆಯನ್ನು ಅದಿರು ಸುರಿಯೋಕೆ ಐದು ವರ್ಷ ಬಾಡಿಗೆಗೆ ಕೊಡು ಅಂತ. ಅವರು ಹೇಳೋ ಬಾಡಿಗೆ, ಅವನು ಜೋಳ ಬೆಳೆದು ಉಳಿಸೋದಕ್ಕಿಂತ ಜಾಸ್ತಿ, ಅದು ಸುಳ್ಳಲ್ಲ. ಮಗಳ ಮದುವೆ ಬೇರೆ ಬಂದಿದೆ. "ಅಣ್ಣಾ, ಕಲ್ಲು ಸುರೀತಾರ, ತುಂಬಿಕೊಂಡು ಹೋಗ್ತಾರ. ಹೊಲ ಎಲ್ಲಿ ಹೋಗ್ತೈತಿ? ಐದು ವರ್ಷ ಆದ ಮ್ಯಾಲೆ ಉಳುಮಿ ಮಾಡಿದ್ರಾತು" ಅಂತಾನೆ.

ಅವನಿಗೆ ಕೂತು ಹೇಳಿದ್ದನ್ನೇ ಇಲ್ಲೂ ಬರೀತೀನಿ, ಇಂಥದ್ದೇ ಮಾತು ಬಂದ ಬೇರೆಯವರಿಗೂ ಆದೀತು. ಹೊಲ ಎಲ್ಲಿಗೂ ಹೋಗೋದಿಲ್ಲ, ನಿಜ. ಆದರೆ ಅದಿರು ಮಣ್ಣಿಗಿಂತ ಎಷ್ಟೋ ಭಾರ. ಅದರ ಗುಡ್ಡೆ ಕೆಳಗೆ, ಲಾರಿ ಗಾಲಿ ಕೆಳಗೆ ಐದು ವರ್ಷ ಒತ್ತಿದ ಮಣ್ಣು ಗಟ್ಟಿ ನೆಲ ಆಗ್ತದೆ. ನೀರು ಇಳಿಯೋದಿಲ್ಲ, ಬೇರು ಇಳಿಯೋದಿಲ್ಲ, ಎರೆಹುಳ ಉಳಿಯೋದಿಲ್ಲ. ಪುಡಿ ಅದಿರು ಮೇಲ್ಮಣ್ಣಿಗೆ ಕೂಡಿಕೊಂಡ ಮೇಲೆ ಆರಿಸೋಕೆ ಬರೋದಿಲ್ಲ. ಕೆರೆದು ತೆಗೆದರೆ ಅದರ ಜೊತೆಗೆ ಮೇಲ್ಮಣ್ಣೂ ಹೋಗ್ತದೆ. ಒಂದು ಇಂಚು ಮೇಲ್ಮಣ್ಣು ಕಟ್ಟೋಕೆ ನೂರಾರು ವರ್ಷ ಬೇಕು. ಮೇಲಾಗಿ ಅದು ಗೊಬ್ಬರ ಅಲ್ಲ, ಆಗಲೇ ಹೇಳಿದೆನಲ್ಲ, ತುಕ್ಕು. ಗಿಡಕ್ಕೆ ಒಂದು ಕಾಳಷ್ಟೂ ಉಪಯೋಗ ಇಲ್ಲ.

ಕಾಗದದ ಮಾತೂ ಇದೆ. ಕೃಷಿ ಜಮೀನನ್ನು ಭೂ ಪರಿವರ್ತನೆ ಇಲ್ಲದೆ ಬೇರೆ ಕೆಲಸಕ್ಕೆ ಬಳಸೋ ಹಾಗಿಲ್ಲ. ಅದಿರು ಸಂಗ್ರಹಕ್ಕೆ ಗಣಿ ಇಲಾಖೆ ಅನುಮತಿ ಬೇಕು. ಪಹಣಿಯಲ್ಲಿ ಹೆಸರು ನಿಮ್ಮದು ಅಂದ್ರೆ ನೋಟಿಸ್ ಬರೋದೂ ನಿಮ್ಮ ಮನೆಗೇ. ಬಾಯಿಮಾತಿನ ಮೇಲೆ ಒಪ್ಪಬೇಡ್ರಿ. ಒಪ್ಪಲೇಬೇಕಾದ ಪರಿಸ್ಥಿತಿ ಇದ್ದರೆ, ಮೊದಲು ಒಂದು ಅಡಿ ಮೇಲ್ಮಣ್ಣು ತೆಗೆಸಿ ಬದಿಗೆ ಗುಡ್ಡೆ ಹಾಕಿಸಿ, ಕೊನೆಗೆ ಅದನ್ನು ವಾಪಸ್ ಹರಡಿ ಕೊಡಬೇಕು ಅಂತ ಬರೆಸಿಕೊಳ್ರಿ. ಇದಕ್ಕೆ ಒಪ್ಪದೆ ಇರೋರು ಹೊಲದ ಗತಿ ಏನಾಗ್ತದೆ ಅಂತ ತಾವೇ ಹೇಳಿದಂಗಾಯ್ತು.

ನನ್ನ ಲೆಕ್ಕ ಸರಳ. ಗುಡ್ಡದ ಅದಿರು ಒಂದು ಸಲ ತೆಗೆದರೆ ಮುಗೀತು, ಮತ್ತೆ ಅಲ್ಲಿ ಸಮುದ್ರ ಬಂದು ಪದರ ಕೂರೋದಿಲ್ಲ. ಅದನ್ನು ದೇಶಕ್ಕೆ ಬೇಕಾದಷ್ಟು ತೆಗೀಲಿ, ನಮಗೂ ನೇಗಿಲು ಬೇಕು, ಗೇಟು ಬೇಕು. ಆದರೆ ಪ್ರತಿ ವರ್ಷ ಮತ್ತೆ ಮತ್ತೆ ಕೊಡೋ ಎರಡು ಎಕರೆಯನ್ನು, ಒಂದೇ ಸಲ ಕೊಡೋ ಕಲ್ಲಿನ ಕೆಳಗೆ ಹಾಸೋದು ನನಗೆ ಸರಿ ಕಾಣೋದಿಲ್ಲ. ಅವನು ಇನ್ನೂ ಉತ್ತರ ಕೊಟ್ಟಿಲ್ಲ. ಈ ಅಮಾವಾಸ್ಯೆ ಒಳಗೆ ಹೇಳಬೇಕಂತೆ. ಮದುವೆ ಖರ್ಚಿಗೆ ಬೇರೆ ದಾರಿ ಏನಿದೆ ಅಂತ ನಾವು ನಾಲ್ಕು ಮಂದಿ ಸೇರಿ ನೋಡ್ತಾ ಇದ್ದೀವಿ. ಸಂಘದ ಸಾಲಕ್ಕೆ ಅರ್ಜಿ ಹಾಕಿದ್ದಾನೆ.

ಮುಂದಿನ ಸಲ ಸತುವಿನ ಬಗ್ಗೆ ಬರೀತೀನಿ. ಪೈಪಿನ ಮೇಲೆ ಇರೋ ಸತುವೇ ಗದ್ದೆಗೆ ಯಾಕೆ ಬೇಕು, ಜಿಂಕ್ ಸಲ್ಫೇಟನ್ನು ಡಿಎಪಿ ಜೊತೆ ಯಾಕೆ ಕೂಡಿಸಬಾರದು ಅಂತ. ಅಲ್ಲಿ ತನಕ ಮುಂಗಾರಿಗೆ ಮುಂಚೆ ಕೊಟ್ಟಿಗೆಯಲ್ಲಿರೋದನ್ನೆಲ್ಲ ಒಮ್ಮೆ ಹೊರಗೆ ತೆಗೆದು ಎಣ್ಣೆ ಹಚ್ಚಿ ಇಡ್ರಿ.

ಶರಣು.